ಮೂವತ್ತೊಂದನೇ ಸಂಪುಟದ ನಾಲ್ಕನೇ ಸಂಚಿಕೆ

ತುಕ್ಕು ಸಂಶೋಧನಾ ಪ್ರಯೋಗಾಲಯದ ಗ್ರಂಥಾಲಯ ಮತ್ತು ಮಾಹಿತಿ ಸೇವಾ ವಿಭಾಗದಲ್ಲಿ ಒಟ್ಟು ನಲವತ್ತೊಂದು ಸಾವಿರದ ಆರುನೂರ ಹನ್ನೆರಡು ವಸ್ತುಗಳಿದ್ದು, ಅವುಗಳಲ್ಲಿ ಒಂದು ಇಲ್ಲ. ಈ ಸಂಗತಿ ಬೆಳಕಿಗೆ ಬಂದದ್ದು ಗ್ರಂಥಪಾಲಕರ ನಿವೃತ್ತಿಗೆ ಸರಿಯಾಗಿ ಹತ್ತೊಂಬತ್ತು ದಿನ ಇರುವಾಗ. ಅಷ್ಟು ಮುಂಚೆ ಗೊತ್ತಾದದ್ದು ಅದೃಷ್ಟ ಎಂದು ಆಡಳಿತ ವಿಭಾಗ ತನ್ನ ಟಿಪ್ಪಣಿಯಲ್ಲಿ ದಾಖಲಿಸಿದೆ. ಯಾರ ಅದೃಷ್ಟ ಎಂಬುದನ್ನು ಟಿಪ್ಪಣಿ ಹೇಳುವುದಿಲ್ಲ.

ಪ್ರಯೋಗಾಲಯದ ಬಗ್ಗೆ ಎರಡು ಮಾತು ಹೇಳಬೇಕು. ಕಬ್ಬಿಣಕ್ಕೆ ತುಕ್ಕು ಏಕೆ ಹಿಡಿಯುತ್ತದೆ, ಹಿಡಿಯದಂತೆ ಏನು ಮಾಡಬೇಕು ಎಂದು ಮೂವತ್ತೆಂಟು ವಿಜ್ಞಾನಿಗಳು ಅಲ್ಲಿ ಹಗಲಿಡೀ ತಲೆ ಕೆಡಿಸಿಕೊಳ್ಳುತ್ತಾರೆ. ಪ್ರಯೋಗಾಲಯದ ಗೇಟು ಹನ್ನೊಂದು ವರ್ಷದಿಂದ ತುಕ್ಕು ಹಿಡಿದು ಒಂದೂಕಾಲು ಅಡಿಗಿಂತ ಹೆಚ್ಚು ತೆರೆಯುವುದಿಲ್ಲ. ಒಂದು ತೊಟ್ಟು ಎಣ್ಣೆ ಬಿಟ್ಟರೆ ಸರಿಹೋಗುತ್ತದೆ ಎಂದು ಕಾವಲುಗಾರ ಒಮ್ಮೆ ಅರ್ಜಿ ಕೊಟ್ಟಿದ್ದ. ಅಷ್ಟರಲ್ಲಿ ಯಾರೋ ಆ ಗೇಟನ್ನು 'ನಡೆಯುತ್ತಿರುವ ಪ್ರಯೋಗ' ಎಂದು ದಾಖಲೆ ಪುಸ್ತಕದಲ್ಲಿ ಬರೆಸಿಬಿಟ್ಟಿದ್ದರಿಂದ ಅದನ್ನು ಮುಟ್ಟುವ ಹಾಗಿಲ್ಲ. ನಿರ್ದೇಶಕರಿಂದ ಹಿಡಿದು ಎಲ್ಲರೂ ಅಡ್ಡಡ್ಡ ತಿರುಗಿ, ಉಸಿರು ಬಿಗಿಹಿಡಿದು ಒಳಗೆ ನುಸುಳುತ್ತಾರೆ. ದಪ್ಪಗಿರುವವರನ್ನು ಕೆಲಸಕ್ಕೆ ತೆಗೆದುಕೊಳ್ಳುವಾಗ ಸ್ವಲ್ಪ ಯೋಚಿಸುತ್ತಾರೆ, ಅಷ್ಟೆ.

ಗ್ರಂಥಪಾಲಕರು ಮೂವತ್ತೈದು ವರ್ಷ ಅಲ್ಲಿ ಕೆಲಸ ಮಾಡಿ, ಕೊನೆಯ ಹನ್ನೊಂದು ವರ್ಷ ಹೀಗೆ ನುಸುಳಿದವರು. ಅವರ ಕಾಲದಲ್ಲಿ ಒಂದು ಪುಸ್ತಕವೂ ಕಳೆದಿರಲಿಲ್ಲ. ಎರವಲು ಒಯ್ದ ಪುಸ್ತಕವನ್ನು ಹೊತ್ತಿಗೆ ಸರಿಯಾಗಿ ತಂದುಕೊಡದ ವಿಜ್ಞಾನಿಯ ಮನೆಗೆ ಹೋಗಿ, ಬಾಗಿಲಲ್ಲಿ ನಿಂತು, ಏನೂ ಕೇಳದೆ, ಒಂದು ಲೋಟ ನೀರು ಕುಡಿದು ಬರುತ್ತಿದ್ದರು. ಮಾರನೆಯ ದಿನ ಪುಸ್ತಕ ಬಂದು ಮೇಜಿನ ಮೇಲೆ ಕೂತಿರುತ್ತಿತ್ತು. ಇಷ್ಟಾದರೂ ಆ ನಲವತ್ತೊಂದು ಸಾವಿರದಲ್ಲಿ ಒಂದನ್ನೂ ಅವರು ಪೂರ್ತಿ ಓದಿರಲಿಲ್ಲ. ಕೆಲಸದ ವೇಳೆಯಲ್ಲಿ ಗ್ರಂಥಾಲಯದ ಸಿಬ್ಬಂದಿ ಓದಕೂಡದು ಎಂದು ನಿಯಮವಿತ್ತು. ನಿಯಮ ಎಂದರೆ ಅವರಿಗೆ ನಿಯಮ.

ಅವರಿಗೆ ನಿವೃತ್ತಿ ಬೇಕಾಗಿತ್ತು. ಕಾಲು ಚಾಚಿ ಕೂರುವುದಕ್ಕಲ್ಲ, ಅಕ್ಕನಿಗೆ ಓದಿ ಹೇಳುವುದಕ್ಕೆ. ಅವರಿಗಿಂತ ಹದಿನಾಲ್ಕು ವರ್ಷ ದೊಡ್ಡವಳಾದ ಅಕ್ಕ ತಮ್ಮನನ್ನು ಕಂಕುಳಲ್ಲಿ ಎತ್ತಿಕೊಂಡೇ ಅಕ್ಷರ ಕಲಿಸಿದವಳು. ಈಗ ಎರಡು ವರ್ಷದಿಂದ ಅವಳ ಕಣ್ಣು ಮಂಜಾಗಿ, ಬಾಗಿಲು, ಕಿಟಕಿ, ಮನುಷ್ಯರು ಕಾಣುತ್ತಿದ್ದರೇ ಹೊರತು ಅಕ್ಷರ ಕಾಣುತ್ತಿರಲಿಲ್ಲ. ಅಕ್ಕನ ಸೊಸೆ ಒಂದು ಪತ್ತೇದಾರಿ ಕಾದಂಬರಿಯನ್ನು ಹನ್ನೆರಡನೇ ಅಧ್ಯಾಯದವರೆಗೆ ಓದಿ ಹೇಳಿದ್ದಳು. ಆಮೇಲೆ ಅವಳ ಕೆಲಸದ ಪಾಳಿ ಬದಲಾಯಿತು. ಭಾನುವಾರ ಓದಬಹುದಲ್ಲ ಎಂದು ಯಾರಾದರೂ ಕೇಳಬಹುದು. ಭಾನುವಾರ ಆ ಮನೆಯಲ್ಲಿ ಎರಡು ಟಿವಿ ಒಟ್ಟಿಗೆ ನಡೆಯುತ್ತವೆ, ಕೇಳಿದವರು ಒಮ್ಮೆ ಹೋಗಿ ನೋಡಬೇಕು.

"ಕೊಲೆ ಆಗಿ ಆರು ತಿಂಗಳಾಯ್ತು ಕಣೋ," ಎಂದಿದ್ದಳು ಅಕ್ಕ. "ಹೆಣ ಇನ್ನೂ ಮೆಟ್ಟಿಲ ಮೇಲೇ ಬಿದ್ದಿದೆ. ಯಾರು ಕೊಂದ್ರು ಅಂತ ಗೊತ್ತಾಗದೆ ನಾನು ಸತ್ರೆ ಆ ಪಾಪ ನಿಂಗೆ."

"ಒಂದನೇ ತಾರೀಕಿಂದ ದಿನಾ ಬೆಳಗ್ಗೆ ಹತ್ತು ಗಂಟೆಗೆ ಬಂದು ಓದ್ತೀನಕ್ಕ," ಎಂದು ಅವರು ಮಾತು ಕೊಟ್ಟಿದ್ದರು.

ಹೀಗಿರುವಾಗ ದಾಸ್ತಾನು ಪರಿಶೀಲನಾಧಿಕಾರಿಗಳು ಪ್ರಧಾನ ಕಚೇರಿಯಿಂದ ಬಂದರು. ಕೆಟ್ಟ ಮನುಷ್ಯರೇನಲ್ಲ. ಗ್ರಂಥಪಾಲಕರ ಆರೋಗ್ಯ ವಿಚಾರಿಸಿದರು, ಚಹಾಕ್ಕೆ ಥ್ಯಾಂಕ್ಸ್ ಹೇಳಿದರು, ಎಂಟು ದಿನ ಕೂತು ಒಂದೊಂದೇ ಪುಸ್ತಕದ ಬೆನ್ನು ಮುಟ್ಟಿ ಎಣಿಸಿದರು. ಒಂಬತ್ತನೇ ದಿನ ನಿಯತಕಾಲಿಕೆಗಳ ಹಾಜರಿ ಕಾರ್ಡುಗಳನ್ನು ಕೈಗೆತ್ತಿಕೊಂಡರು. ಪ್ರತಿ ಪತ್ರಿಕೆಗೂ ಒಂದು ಕಾರ್ಡು, ಪ್ರತಿ ಸಂಚಿಕೆಗೂ ಒಂದು ಚೌಕ. ಸಂಚಿಕೆ ಬಂದ ದಿನ ಆ ಚೌಕದಲ್ಲಿ ಟಿಕ್ ಹಾಕಬೇಕು. 'ತುಕ್ಕು ತ್ರೈಮಾಸಿಕ' ಎಂಬ ಪತ್ರಿಕೆಯ ಮೂವತ್ತೊಂದನೇ ಸಂಪುಟದ ಸಾಲಿನಲ್ಲಿ ಒಂದು, ಎರಡು, ಮೂರಕ್ಕೆ ಟಿಕ್ ಇತ್ತು. ನಾಲ್ಕನೇ ಚೌಕ ಇಪ್ಪತ್ತೆರಡು ವರ್ಷದಿಂದ ಖಾಲಿಯಾಗಿತ್ತು.

"ನಾಲ್ಕು ಎಲ್ಲಿ?"

ಗ್ರಂಥಪಾಲಕರು ಕಾರ್ಡು ನೋಡಿದರು. "ಆ ವರ್ಷ ಮೂರು, ನಾಲ್ಕು ಸೇರಿಸಿ ಒಂದೇ ಸಂಚಿಕೆ ತಂದ್ರು ಸಾರ್. ಜಂಟಿ ಸಂಚಿಕೆ. ನಾನು ಮೂರರ ಚೌಕದಲ್ಲಿ ಟಿಕ್ ಹಾಕ್ದೆ. ನಾಲ್ಕರಲ್ಲೂ ಹಾಕ್ಬೇಕಿತ್ತು, ಮರ್ತುಬಿಟ್ಟಿದೀನಿ."

ಕಪಾಟಿನಿಂದ ಆ ಸಂಚಿಕೆಯನ್ನೇ ತಂದು ತೋರಿಸಿದರು. ಮುಖಪುಟದ ಮೇಲೆ ದಪ್ಪ ಅಕ್ಷರದಲ್ಲಿ 'ಸಂಚಿಕೆ ೩ ಮತ್ತು ೪' ಎಂದಿತ್ತು.

ಪರಿಶೀಲನಾಧಿಕಾರಿಗಳು ಅದನ್ನು ತಿರುಗಿಸಿ ನೋಡಿದರು. "ಮೂರು ಇದೆ. ಒಪ್ಪಿದೆ. ನಾಲ್ಕು ಎಲ್ಲಿ?"

"ಇದೇ ನಾಲ್ಕೂ ಸಾರ್."

"ಒಂದೇ ವಸ್ತು ಎರಡು ಕಡೆ ಇರಕ್ಕಾಗಲ್ಲ ಸ್ವಾಮಿ. ನೀವು ಈಗ ಇಲ್ಲಿದೀರಿ. ಬಸ್ ಸ್ಟಾಪಲ್ಲೂ ಇದೀರಾ?"

"ಇಲ್ಲ ಸಾರ್."

"ಅಷ್ಟೇ ನಾನು ಹೇಳೋದು."

"ಈಗ ಒಂದು ಟಿಕ್ ಹಾಕಿಬಿಡ್ಲಾ ಸಾರ್?"

ಪರಿಶೀಲನಾಧಿಕಾರಿಗಳು ಗಾಬರಿಯಿಂದ ತಮ್ಮ ಪೆನ್ನಿನ ಮುಚ್ಚಳ ಹಾಕಿದರು. "ಇಪ್ಪತ್ತೆರಡು ವರ್ಷದ ಹಿಂದಿನ ದಾಖಲೆ ತಿದ್ದೋದಾ? ಹೋಗೋ ಕಾಲದಲ್ಲಿ ಇಂಥ ಬುದ್ಧಿ ಯಾಕೆ ಬಂತು ನಿಮಗೆ?" ಎಂದು ನಿಜವಾದ ಕಳಕಳಿಯಿಂದ ಕೇಳಿದರು.

ನಿಯಮ ಹದಿನೇಳು ಸ್ಪಷ್ಟವಾಗಿದೆ. ಒಂದೇ ಒಂದು ವಸ್ತು ಕಾಣೆಯಾಗಿದ್ದರೂ ಗ್ರಂಥಪಾಲಕರಿಗೆ ಏನೂ ಬಾಕಿಯಿಲ್ಲವೆಂಬ ಬೇಬಾಕಿ ಪತ್ರ ಕೊಡತಕ್ಕದ್ದಲ್ಲ. ಬೇಬಾಕಿ ಪತ್ರವಿಲ್ಲದ ಗ್ರಂಥಪಾಲಕರು ನಿವೃತ್ತರಾಗಬಹುದು, ಆದರೆ ಹೋಗತಕ್ಕದ್ದಲ್ಲ.

ಪತ್ರಿಕೆಯ ಪ್ರಕಾಶಕರಿಗೆ ಕಾಗದ ಬರೆಯಲಾಯಿತು. ಹನ್ನೆರಡು ದಿನದಲ್ಲಿ ಉತ್ತರ ಬಂತು: "ಸದರಿ ನಾಲ್ಕನೇ ಸಂಚಿಕೆಯು ಮೂರನೇ ಸಂಚಿಕೆಯೊಂದಿಗೆ ಪ್ರಕಟವಾಗಿದೆ." ಗ್ರಂಥಪಾಲಕರಿಗೆ ಹೋದ ಜೀವ ಬಂದಂತಾಯಿತು. ಪರಿಶೀಲನಾಧಿಕಾರಿಗಳು ಓದಿ, 'ಪ್ರಕಟವಾಗಿದೆ' ಎಂಬ ಮಾತಿನ ಕೆಳಗೆ ಕೆಂಪು ಗೆರೆ ಎಳೆದರು. ಪ್ರಕಟವಾಗಿದೆ ಎಂದ ಮೇಲೆ ಎಲ್ಲೋ ಇರಲೇಬೇಕು, ಎಲ್ಲೋ ಇರುವುದು ಇಲ್ಲಿಲ್ಲ ಎಂದರೆ ಕಳೆದಿದೆ ಎಂದೇ ಅರ್ಥ. ಇಲ್ಲಿಯವರೆಗೆ ಬರೀ ಅನುಮಾನವಾಗಿದ್ದದ್ದು ಈಗ ಸಾಬೀತಾಯಿತು.

ಕೊನೆಯ ದಿನ ಬೀಳ್ಕೊಡುಗೆ ಸಮಾರಂಭ ನಡೆಯಿತು, ಏಕೆಂದರೆ ಸಭಾಂಗಣವನ್ನು ಮೊದಲೇ ಕಾದಿರಿಸಲಾಗಿತ್ತು. ನಿರ್ದೇಶಕರು ಮಾತಾಡುತ್ತಾ, ಇಂಥ ಗ್ರಂಥಪಾಲಕರಿಲ್ಲದ ನಾಳೆಯನ್ನು ಊಹಿಸುವುದೂ ಕಷ್ಟ ಎಂದು ಕಣ್ಣೊರೆಸಿಕೊಂಡರು. ಮಾರನೆಯ ದಿನ ಒಂಬತ್ತೂವರೆಗೆ ಗ್ರಂಥಪಾಲಕರು ಎಂದಿನ ಕುರ್ಚಿಯಲ್ಲಿ ಕೂತಿದ್ದರು. ದಾರಿಯಲ್ಲಿ ಸಿಕ್ಕ ಇಬ್ಬರು ವಿಜ್ಞಾನಿಗಳು, "ನಿಮ್ಮನ್ನ ತುಂಬಾ ನೆನೆಸ್ಕೊಳ್ತಿದ್ವಿ," ಎಂದು ಕೈಕುಲುಕಿ ಹೋದರು.

ಆ ಸಂಜೆ ಅಕ್ಕನ ಮನೆಗೆ ಹೋಗಿ ಎಲ್ಲ ಹೇಳಿದರು.

"ಅಂದ್ರೆ ಇಲ್ಲದ್ದು ಕಳೆದುಹೋಗಿದೆ ಅಂತಿದಾರೆ."

"ಹೌದಕ್ಕ."

"ಅದನ್ನ ಹುಡುಕಿ ಕೊಡೋ ತನಕ ನಿನ್ನನ್ನ ಬಿಡಲ್ಲ."

"ಹೌದಕ್ಕ."

"ನಂ ಕಾದಂಬರಿ ಪತ್ತೇದಾರ ಇದಕ್ಕಿಂತ ವಾಸಿ ಕಣೋ," ಎಂದಳು ಅಕ್ಕ. ಬೈದಿದ್ದರೆ ಅವರಿಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಮುಂದಿನ ವಾರ ನಿರ್ದೇಶಕರು ಸುತ್ತೋಲೆ ಹೊರಡಿಸಿದರು. ಎಲ್ಲ ವಿಜ್ಞಾನಿಗಳೂ ತಮ್ಮ ಸಂಶೋಧನೆಯನ್ನು ನಾಲ್ಕು ದಿನ ನಿಲ್ಲಿಸಿ, ತಮ್ಮ ತಮ್ಮ ಕೊಠಡಿಗಳಲ್ಲಿ ಸದರಿ ಸಂಚಿಕೆಯನ್ನು ಹುಡುಕತಕ್ಕದ್ದು. ಸಿಗದಿದ್ದಲ್ಲಿ ಸಿಗಲಿಲ್ಲವೆಂದು ಮೂರು ಪ್ರತಿಗಳಲ್ಲಿ ಬರೆದುಕೊಡತಕ್ಕದ್ದು. ಹುಡುಕಾಟ ಜೋರಾಗಿಯೇ ನಡೆಯಿತು. ಆರು ವರ್ಷದಿಂದ ಕಾಣದಿದ್ದ ಏಣಿ ಸಿಕ್ಕಿತು. ಎರಡು ಜೊತೆ ಕನ್ನಡಕ ಸಿಕ್ಕವು. ಎರಡನೇ ಮಹಡಿಯ ಒಬ್ಬ ವಿಜ್ಞಾನಿ ಎಂಟು ವರ್ಷದ ಹಿಂದೆ ಕೊಟ್ಟ ರಾಜೀನಾಮೆ ಪತ್ರ ಒಂದು ಕಪಾಟಿನ ಹಿಂದೆ ಸಿಕ್ಕಿತು. ಅಂಗೀಕಾರವಾಗಲಿ ಎಂದು ಅವರು ಅಷ್ಟು ವರ್ಷವೂ ಕೆಲಸ ಮಾಡುತ್ತಾ ಕಾಯುತ್ತಿದ್ದರಂತೆ. ಸಂಚಿಕೆ ಮಾತ್ರ ಸಿಗಲಿಲ್ಲ.

ಆಗ ನಿರ್ದೇಶಕರಿಗೆ ನಿಯಮ ಇಪ್ಪತ್ತಮೂರು ನೆನಪಾಯಿತು. ಕಳೆದ ವಸ್ತುವಿನ ಬದಲಿಗೆ ಅದೇ ಹೆಸರಿನ, ಅದೇ ಗಾತ್ರದ, ಅದೇ ದಿನಾಂಕದ ಸಮಾನ ವಸ್ತುವನ್ನು ಒದಗಿಸಿದಲ್ಲಿ ಪ್ರಕರಣ ಮುಕ್ತಾಯ. ಅವರು ಒಂದು ಸಭೆ ಕರೆದರು.

"ಮೂವತ್ತೆಂಟು ವಿಜ್ಞಾನಿಗಳಿದೀರಿ. ಒಂದು ಸಂಚಿಕೆ ಬರೆಯಕ್ಕಾಗಲ್ವಾ?"

ಮೊದಲು ಕೈ ಎತ್ತಿದವಳು ಉಪ್ಪುನೀರಿನ ವಿಜ್ಞಾನಿ. ಅವಳ ಕೊಠಡಿಯ ತುಂಬ ಉಪ್ಪುನೀರಿನ ತೊಟ್ಟಿಗಳಿದ್ದವು, ಅವುಗಳಲ್ಲಿ ಮೊಳೆಗಳು ನೆನೆಯುತ್ತಿದ್ದವು, ಆದ್ದರಿಂದ ಎಲ್ಲರೂ ಅವಳನ್ನು ಹಾಗೇ ಕರೆಯುತ್ತಿದ್ದರು. ಐದು ವರ್ಷ ನೆನೆಸಿ ಅವಳು ಒಂದು ಒಳ್ಳೆಯ ಸಂಗತಿ ಕಂಡುಹಿಡಿದಿದ್ದಳು. ಆದರೆ ಅದನ್ನೇ ಬೇರೆ ಯಾರೋ ಹಿಂದಿನ ವರ್ಷ ಪ್ರಕಟಿಸಿಬಿಟ್ಟಿದ್ದರಿಂದ ಮೂರು ಪತ್ರಿಕೆಗಳು ಅವಳ ಲೇಖನವನ್ನು ವಾಪಸು ಕಳಿಸಿದ್ದವು.

"ಇದರಲ್ಲಿ ಹಾಕಿದ್ರೆ ನನ್ನ ಲೇಖನ ಇಪ್ಪತ್ತೆರಡು ವರ್ಷದ ಹಿಂದೆ ಬಂದ ಹಾಗಾಗತ್ತಲ್ವಾ ಸಾರ್?"

"ಆಗಲೇಬೇಕು."

"ಆದ್ರೆ ನಂಗಾಗ ಒಂಬತ್ತು ವರ್ಷ."

ನಿರ್ದೇಶಕರು ಪರಿಶೀಲನಾಧಿಕಾರಿಗಳ ಕಡೆ ತಿರುಗಿದರು. "ಲೇಖಕರ ವಯಸ್ಸಿನ ಬಗ್ಗೆ ನಿಯಮ ಏನಾದ್ರೂ ಇದೆಯೇನ್ರೀ?"

"ಮೇಲ್ಮಿತಿ ಇದೆ ಸಾರ್. ಕೆಳಮಿತಿ ಇಲ್ಲ."

ಅಲ್ಲಿಂದ ಮುಂದೆ ತಡೆಯುವವರೇ ಇರಲಿಲ್ಲ. ಎಲ್ಲರ ಮೇಜಿನ ಡ್ರಾಯರಿನಲ್ಲೂ ಒಂದೊಂದು ವಾಪಸು ಬಂದ ಲೇಖನವಿತ್ತು. ವಾರದೊಳಗೆ ಹನ್ನೊಂದು ಲೇಖನ ಸಿದ್ಧವಾದವು. ಅಚ್ಚಾಗಿ ಬಂದ ಸಂಚಿಕೆ ಮಿರಮಿರ ಮಿಂಚುತ್ತಿತ್ತು. ಇಪ್ಪತ್ತೆರಡು ವರ್ಷದ ಹಿಂದಿನದು ಹೀಗಿರುವುದುಂಟೇ ಎಂದು ಪರಿಶೀಲನಾಧಿಕಾರಿಗಳು ಸಣ್ಣಗೆ ಕೆಮ್ಮಿದರು. ಬೇರೆ ಯಾವ ಸಂಸ್ಥೆಯಾದರೂ ಇಲ್ಲಿಗೆ ಕೈಚೆಲ್ಲಿ ಕೂರುತ್ತಿತ್ತು. ಇವರು ಸಂಚಿಕೆಯನ್ನು ಉಪ್ಪುನೀರಿನ ಹಬೆ ತುಂಬಿದ ಪೆಟ್ಟಿಗೆಯಲ್ಲಿ ಮೂರು ದಿನ ಇಟ್ಟರು. ಹೊರತೆಗೆದಾಗ ಹಾಳೆಯ ಅಂಚು ಹಳದಿಯಾಗಿ, ಬೆನ್ನಿಗೆ ಹೊಡೆದ ಎರಡು ಪಿನ್ನುಗಳಿಗೆ ಅಚ್ಚುಕಟ್ಟಾಗಿ ತುಕ್ಕು ಹಿಡಿದಿತ್ತು. ಪ್ರಯೋಗಾಲಯದ ಇತಿಹಾಸದಲ್ಲಿ ಅಂದುಕೊಂಡ ದಿನಕ್ಕೆ, ಅಂದುಕೊಂಡಷ್ಟೇ ಫಲಿತಾಂಶ ಕೊಟ್ಟ ಪ್ರಯೋಗ ಅದೊಂದೇ. ಎಲ್ಲರೂ ಚಪ್ಪಾಳೆ ತಟ್ಟಿದರು.

ಗ್ರಂಥಪಾಲಕರಿಗೆ ಮಾತ್ರ ನಾಚಿಕೆಯಾಯಿತು. ಸುಳ್ಳು ವಸ್ತುವಿನ ಮೇಲೆ ಅವರು ಎಂದೂ ಗ್ರಂಥಾಲಯದ ಮುದ್ರೆ ಒತ್ತಿದವರಲ್ಲ. ಮುದ್ರೆ ಹಿಡಿದು ಒಂದು ನಿಮಿಷ ನಿಂತರು. ಆಮೇಲೆ ಮೆಟ್ಟಿಲ ಮೇಲೆ ಬಿದ್ದಿದ್ದ ಹೆಣ ನೆನಪಾಯಿತು. ಒತ್ತಿಬಿಟ್ಟರು.

ಸಂಚಿಕೆಯ ಪರಿಣಾಮ ಕೂಡಲೇ ಕಾಣಿಸಿತು. ಉಪ್ಪುನೀರಿನ ವಿಜ್ಞಾನಿಯ ಲೇಖನ ಆ ವಿಷಯದಲ್ಲಿ ಪ್ರಪಂಚಕ್ಕೇ ಮೊದಲನೆಯದೆಂದು ಗೊತ್ತಾಗಿ, ಇಪ್ಪತ್ತೆರಡು ವರ್ಷಗಳ ಸಂಶೋಧನಾ ಅನುಭವವುಳ್ಳ ಹಿರಿಯರೆಂದು ಅವಳನ್ನು ವಿಭಾಗದ ಮುಖ್ಯಸ್ಥೆಯನ್ನಾಗಿ ಮಾಡಲಾಯಿತು. ಅವಳಿಗೆ ಪಾಠ ಹೇಳಿದ್ದ ಮೇಷ್ಟರು ಅವಳ ಕೈಕೆಳಗೆ ಬಂದರು. "ನಮಗಿಂತ ಮುಂಚೆ ಬಂದವರು," ಎಂದು ಅವರು ಎದ್ದು ನಿಂತು ಗೌರವ ಕೊಟ್ಟರು.

ಪರಿಶೀಲನಾಧಿಕಾರಿಗಳು ಮತ್ತೆ ಬಂದು, ಹೊಸ ಸಂಚಿಕೆಯನ್ನು ಮುಟ್ಟಿ, ಪಿನ್ನಿನ ತುಕ್ಕನ್ನು ಉಗುರಿನಿಂದ ಕೆರೆದು, ನಾಲ್ಕನೇ ಚೌಕದಲ್ಲಿ ತಾವೇ ಟಿಕ್ ಹಾಕಿದರು. ಗ್ರಂಥಪಾಲಕರು ಊಟದ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡರು. ಅಷ್ಟರಲ್ಲಿ ಪರಿಶೀಲನಾಧಿಕಾರಿಗಳ ಕೈ ಪಕ್ಕದ ಸಂಚಿಕೆಯ ಮೇಲೆ ನಿಂತಿತು.

"ಇದರ ಮೇಲೆ ಏನು ಬರ್ದಿದೆ?"

"ಮೂರು ಮತ್ತು ನಾಲ್ಕು ಸಾರ್."

"ಅಂದ್ರೆ ಇದು ನಾಲ್ಕೂ ಹೌದು."

"ನಾನು ಅವತ್ತೇ ಹೇಳ್ದೆನಲ್ಲ ಸಾರ್!"

"ಹೇಳಿದ್ರಿ. ನೀವು ಹೇಳಿದ್ದು ಸರಿಯಾಗೇ ಇತ್ತು. ಅದಕ್ಕೇ ಈಗ ನಾಲ್ಕು ಎರಡಾಯ್ತು. ಒಂದು ಹೆಚ್ಚುವರಿ." ಅವರ ಮುಖ ಬಾಡಿತು. ನಿಯಮ ಹದಿನೆಂಟರ ಪ್ರಕಾರ ಕೊರತೆಗಿಂತ ಹೆಚ್ಚುವರಿ ಗಂಭೀರ. ಕೊರತೆಯೆಂದರೆ ನಮ್ಮದು ಇನ್ಯಾರದೋ ಮನೆಯಲ್ಲಿದೆ ಎಂದು. ಹೆಚ್ಚುವರಿಯೆಂದರೆ ಇನ್ಯಾರದೋ ನಮ್ಮ ಮನೆಯಲ್ಲಿದೆ ಎಂದು. "ನಿಮಗೆ ಹೀಗಾಗ್ಬಾರ್ದಿತ್ತು," ಎಂದು ಅವರು ಗ್ರಂಥಪಾಲಕರ ಭುಜ ತಟ್ಟಿದರು. ಗ್ರಂಥಪಾಲಕರು ಊಟದ ಡಬ್ಬಿಯನ್ನು ಮತ್ತೆ ಮೇಜಿನ ಮೇಲಿಟ್ಟರು.

ಈ ಸಲ ಅಕ್ಕನಿಗೆ ಎದುರು ನಿಂತು ಹೇಳುವ ಧೈರ್ಯವಾಗದೆ ಫೋನ್ ಮಾಡಿದರು. ಅವಳು ಎಲ್ಲ ಕೇಳಿಸಿಕೊಂಡು, "ಬೆಳಗ್ಗೆ ಎಷ್ಟು ಗಂಟೆಗೆ ಬಾಗಿಲು ತೆಗೀತಾರೆ ಅಲ್ಲಿ?" ಎಂದಳು.

ಮಾರನೆಯ ದಿನ ಹತ್ತಕ್ಕೆ ಅಕ್ಕ ಒಂದು ಕೈಯಲ್ಲಿ ಊರುಗೋಲು, ಇನ್ನೊಂದು ಕೈಯಲ್ಲಿ ಕಾದಂಬರಿ ಹಿಡಿದು ಗೇಟಿನ ಮುಂದೆ ನಿಂತಿದ್ದಳು. ಕಡ್ಡಿಯ ಹಾಗಿದ್ದವಳು, ಅಡ್ಡ ತಿರುಗುವ ಅಗತ್ಯವೂ ಬೀಳದೆ ನೇರ ಒಳಗೆ ಬಂದಳು. ಕಾವಲುಗಾರ ಎದ್ದು ನಿಂತ.

"ಸಂಶೋಧನೆ ಮಾಡೋರನ್ನ ಬಿಟ್ಟು ಬೇರೆಯವರನ್ನ ಒಳಗೆ ಬಿಡೋ ಹಾಗಿಲ್ಲ ಅಜ್ಜಿ."

"ನಾನು ಬಂದಿರೋದು ಅದಕ್ಕೇ ಕಣಪ್ಪ. ಯಾರು ಕೊಂದ್ರು ಅಂತ ಕಂಡುಹಿಡೀಬೇಕು."

ಕಾವಲುಗಾರ ದಿಕ್ಕು ತೋಚದೆ ವಿಭಾಗದ ಮುಖ್ಯಸ್ಥೆಗೆ ಫೋನ್ ಮಾಡಿದ. ಉಪ್ಪುನೀರಿನ ವಿಜ್ಞಾನಿ ಬಂದು ಅಕ್ಕನನ್ನು ಮಾತಾಡಿಸಿದಳು. ಇಪ್ಪತ್ತೆರಡು ವರ್ಷದ ಅನುಭವ ಇರುವವರಿಗೆ ಅತಿಥಿ ಸಂಶೋಧಕರನ್ನು ನೇಮಿಸುವ ಅಧಿಕಾರವಿದೆ. ಒಂದು ನಮೂನೆ ತುಂಬಿದರೆ ಸಾಕು. ಹೆಸರು, ವಿಳಾಸ ಆಯಿತು. ಸಂಶೋಧನೆಯ ವಿಷಯ ಎಂಬ ಜಾಗದಲ್ಲಿ 'ಓದಿದ್ದನ್ನು ಕೇಳುವುದು' ಎಂದು ಬರೆದರು. ಬೇಕಾದ ಉಪಕರಣ ಎಂಬಲ್ಲಿ ಅಕ್ಕ, "ನನ್ನ ತಮ್ಮ," ಎಂದಳು. ಹಾಗೇ ಬರೆದರು. ಅವಳ ಕೊರಳಿಗೆ ಗುರುತಿನ ಚೀಟಿ ಬಂತು, ಗ್ರಂಥಾಲಯದ ಕಿಟಕಿಯ ಪಕ್ಕ ಒಂದು ಮೇಜು ಬಂತು, ಹನ್ನೊಂದು ಗಂಟೆಯ ಚಹಾದ ಪಟ್ಟಿಯಲ್ಲಿ ಒಂದು ಹೆಸರು ಸೇರಿತು.

ಗ್ರಂಥಾಲಯದ ಗೋಡೆಯ ಮೇಲೆ 'ನಿಶ್ಶಬ್ದ' ಎಂಬ ಫಲಕವಿತ್ತು. ಗ್ರಂಥಪಾಲಕರು ಅದಕ್ಕೆ ಬೆನ್ನು ಮಾಡಿ ಕೂತು, ಪಿಸುದನಿಯಲ್ಲಿ ಹದಿಮೂರನೇ ಅಧ್ಯಾಯ ತೆಗೆದರು. ಮೂವತ್ತೈದು ವರ್ಷದಲ್ಲಿ ಆ ಕಟ್ಟಡದೊಳಗೆ ಅವರು ಓದಿದ ಮೊದಲನೆಯ ಪುಟ ಅದು. ಅರ್ಧ ಪುಟವಾಗುವಷ್ಟರಲ್ಲಿ ಪಕ್ಕದ ಮೇಜಿನ ವಿಜ್ಞಾನಿ ತಲೆಯೆತ್ತಿದರು. ಗ್ರಂಥಪಾಲಕರು ತಪ್ಪಾಯಿತು ಎಂಬಂತೆ ನಿಲ್ಲಿಸಿದರು.

"ಅಲ್ಲ, ಸ್ವಲ್ಪ ಜೋರಾಗಿ ಓದಿ," ಎಂದರು ವಿಜ್ಞಾನಿ. "ಕೊನೇ ಸಾಲು ಕೇಳಿಸ್ಲಿಲ್ಲ."

ಮೂರನೆಯ ದಿನಕ್ಕೆ ಹದಿನಾಲ್ಕು ಜನ, ವಾರ ಕಳೆಯುವಷ್ಟರಲ್ಲಿ ಮೂವತ್ತೆಂಟು ಜನ. ಅಲ್ಲಿಯವರೆಗೆ ಗ್ರಂಥಾಲಯಕ್ಕೆ ದಿನಕ್ಕೆ ಸರಾಸರಿ ಇಬ್ಬರು ಬರುತ್ತಿದ್ದರು, ಅವರಲ್ಲಿ ಒಬ್ಬರು ಗಡಿಯಾರಕ್ಕೆ ಕೀಲಿ ಕೊಡುವವರು. ನಿರ್ದೇಶಕರು ವಾರ್ಷಿಕ ವರದಿಯಲ್ಲಿ 'ಮಾಹಿತಿ ಸೇವೆಯಲ್ಲಿ ಹತ್ತೊಂಬತ್ತು ಪಟ್ಟು ಹೆಚ್ಚಳ' ಎಂದು ಬರೆಸಿ, ತಾವೂ ಒಂದು ಕುರ್ಚಿ ಎಳೆದುಕೊಂಡು ಕೂತರು. ಕೊಲೆಗೆ ಬಳಸಿದ್ದು ಕಬ್ಬಿಣದ ಸಲಾಕೆ ಎಂದು ಗೊತ್ತಾದ ದಿನ ಚರ್ಚೆ ಕಾವೇರಿತು.

"ರಕ್ತ ಬಿದ್ದ ಸಲಾಕೆ ಮೇಲೆ ಬೆಳಗ್ಗೆಗೆಲ್ಲ ತುಕ್ಕು ಕಾಣ್ಬೇಕು," ಎಂದಳು ಉಪ್ಪುನೀರಿನ ವಿಜ್ಞಾನಿ. "ಕಾಣ್ಲಿಲ್ಲ ಅಂದ್ರೆ ಯಾರೋ ಎಣ್ಣೆ ಹಚ್ಚಿದಾರೆ. ಮಾಲಿಯದೇ ಕೆಲಸ ಇದು."

"ಎಣ್ಣೆ ಹಚ್ಚಿರೋದು ನಿಜ ಕಣಮ್ಮ," ಎಂದಳು ಅಕ್ಕ. "ಆದ್ರೆ ಮಾಲಿ ಯಾಕೆ ಹಚ್ತಾನೆ? ಕೊಂದು ಬಂದವನಿಗೆ ಎಣ್ಣೆ ಹುಡುಕೋ ಪುರುಸೊತ್ತು ಎಲ್ಲಿರತ್ತೆ? ಕೈಗೆ ಸಿಗೋ ಹಾಗೆ ಎಣ್ಣೆ ಸೀಸೆ ಇಟ್ಕೊಂಡಿರೋನು ಡಾಕ್ಟ್ರು."

ಮತಕ್ಕೆ ಹಾಕಿದಾಗ ಮೂವತ್ತೇಳು ಜನ ಮಾಲಿಯ ಕಡೆಗಿದ್ದರು. ಇಪ್ಪತ್ತನೇ ಅಧ್ಯಾಯದಲ್ಲಿ ಡಾಕ್ಟರು ಸಿಕ್ಕಿಬಿದ್ದರು. ಕಾದಂಬರಿಕಾರರಿಂದ ಏನೋ ಲೋಪವಾಗಿರಬೇಕು ಎಂದು ಒಂದು ಉಪಸಮಿತಿ ನೇಮಿಸಲಾಯಿತು. ಅಕ್ಕ ಮೊದಲ ತ್ರೈಮಾಸಿಕ ವರದಿಯನ್ನು ತಮ್ಮನಿಂದ ಬರೆಸಿ, ಹೆಬ್ಬೆರಳು ಒತ್ತಲು ಒಪ್ಪದೆ, ಅಂದಾಜಿನ ಮೇಲೆ ದೊಡ್ಡದಾಗಿ ಸಹಿ ಹಾಕಿ ಕೊಟ್ಟಳು. ಎರಡನೇ ಕಾದಂಬರಿ ಶುರುವಾಯಿತು.

ಇತ್ತ ಹೆಚ್ಚುವರಿ ಪ್ರಕರಣ ಐದು ತಿಂಗಳು ಸಮಿತಿಯಿಂದ ಸಮಿತಿಗೆ ತಿರುಗಿತು. ಮುಖಪುಟದ ಮೇಲಿನ 'ಮತ್ತು ೪' ಎಂಬುದನ್ನು ಮಸಿಯಿಂದ ಮುಚ್ಚಬಹುದೇ ಎಂದು ಒಬ್ಬರು ಕೇಳಿದರು, ದಾಖಲೆ ತಿದ್ದಿದಂತಾಗುತ್ತದೆ ಎಂದರು. ಸಂಚಿಕೆಯನ್ನು ನಡುವೆ ಕತ್ತರಿಸಬಹುದೇ ಎಂದು ಇನ್ನೊಬ್ಬರು ಕೇಳಿದರು, ಒಂದೇ ಲೇಖನ ಎರಡು ಅರ್ಧವಾಗಿ ಮತ್ತೆರಡು ಹೆಚ್ಚುವರಿ ಹುಟ್ಟುತ್ತವೆ ಎಂದರು. ಕೊನೆಗೆ ದಾರಿ ಕಂಡವರು ಪರಿಶೀಲನಾಧಿಕಾರಿಗಳೇ. ಎಣಿಸುವ ನೆಪದಲ್ಲಿ ಅವರೂ ಈಗ ದಿನಾ ಹತ್ತಕ್ಕೆ ಬಂದು ಕೇಳುತ್ತಾ ಕೂರುತ್ತಿದ್ದರು. ಅತಿಥಿ ಸಂಶೋಧಕರು ಒಂದು ವಸ್ತುವನ್ನು ಎರವಲು ಪಡೆಯಬಹುದು. ಜಂಟಿ ಸಂಚಿಕೆಯ ಮೂರು ಎಂಬ ಭಾಗ ಕಪಾಟಿನಲ್ಲೇ ಇರಲಿ, ನಾಲ್ಕು ಎಂಬ ಭಾಗವನ್ನು ಅಕ್ಕನ ಹೆಸರಿಗೆ ಎರವಲು ಬರೆಯುವುದು. ಎರವಲು ಹೋದದ್ದು ಕಪಾಟಿನ ಲೆಕ್ಕಕ್ಕೆ ಬರುವುದಿಲ್ಲ, ಆದ್ದರಿಂದ ಹೆಚ್ಚುವರಿಯೂ ಇಲ್ಲ. ಅಕ್ಕ ಸಹಿ ಹಾಕಿದಳು. ಸಂಚಿಕೆ ಇದ್ದಲ್ಲೇ ಇತ್ತು.

ಒಂದು ಮಂಗಳವಾರ ಹನ್ನೊಂದೂಕಾಲಿಗೆ, ಎರಡನೇ ಕಾದಂಬರಿಯ ಆರನೇ ಅಧ್ಯಾಯದ ಮಧ್ಯೆ, ಪರಿಶೀಲನಾಧಿಕಾರಿಗಳು ಬೇಬಾಕಿ ಪತ್ರವನ್ನು ತಂದು ಗ್ರಂಥಪಾಲಕರ ಕೈಗಿತ್ತರು. ಅದರ ಮೇಲೆ ಏಳು ಸಹಿಗಳಿದ್ದವು. ಗ್ರಂಥಪಾಲಕರು ಎರಡು ಸಲ ಓದಿದರು. ಕಣ್ಣು ಒದ್ದೆಯಾಯಿತು.

"ಅಕ್ಕ, ಬಿಡುಗಡೆ ಆಯ್ತು. ನಡಿ ಮನೆಗೆ ಹೋಗೋಣ. ನಾಳೆಯಿಂದ ಅಲ್ಲೇ ಓದ್ತೀನಿ."

ಅಕ್ಕ ಅಲುಗಾಡಲಿಲ್ಲ. "ನಂಗೆ ಐದೂವರೆ ತನಕ ಡ್ಯೂಟಿ ಇದೆ," ಎಂದಳು.

"ಅಕ್ಕ! ನಾನು ಇಷ್ಟೆಲ್ಲ ಒದ್ದಾಡಿದ್ದೇ ನಿಮ್ಮನೇಲಿ ಕೂತು ನಿಂಗೆ ಓದಿ ಹೇಳಕ್ಕೆ."

"ಆ ಮನೇಲಿ ಬೆಳಗ್ಗೆ ಎಂಟರಿಂದ ಸಂಜೆ ಆರರ ತನಕ ನನ್ನ ಹತ್ರ ಮಾತಾಡೋದು ಫ್ರಿಜ್ಜು ಒಂದೇ ಕಣೋ, ಅದೂ ಗುರ್ ಅಂತ. ಇಲ್ಲಿ ಮೂವತ್ತೆಂಟು ಜನ ನನ್ನನ್ನ ಮೇಡಂ ಅಂತಾರೆ. ನಾನು ಹೇಳಿದ್ದು ತಪ್ಪು ಅಂತ ಜಗಳ ಆಡ್ತಾರೆ. ನನ್ನ ಜೊತೆ ಯಾರಾದ್ರೂ ಜಗಳ ಆಡಿ ಎಷ್ಟು ವರ್ಷ ಆಗಿತ್ತು ಗೊತ್ತಾ ನಿಂಗೆ?" ಅವಳು ಗುರುತಿನ ಚೀಟಿಯನ್ನು ಸರಿಮಾಡಿಕೊಂಡಳು. "ನಿಂಗೆ ಹೋಗ್ಬೇಕಂದ್ರೆ ಹೋಗು. ನಾನು ಬರಲ್ಲ."

ಇಷ್ಟು ದಿನ ಅಕ್ಕನಿಗೆ ಕಾದಂಬರಿ ಬೇಕಾಗಿದೆ ಎಂದೇ ಗ್ರಂಥಪಾಲಕರು ತಿಳಿದಿದ್ದರು. ಅವರು ಪರಿಶೀಲನಾಧಿಕಾರಿಗಳ ಕಡೆ ತಿರುಗಿದರು.

"ಬೇಬಾಕಿ ಪತ್ರ ತಗೊಂಡ ಮೇಲೂ ನಾನು ಇಲ್ಲಿ ಬಂದು ಓದಬಹುದಾ ಸಾರ್?"

"ಆಗಲ್ಲ. ನೀವು ಹೊರಗಿನವರು ಆಗ್ತೀರಿ. ಹೊಸ ಗ್ರಂಥಪಾಲಕರು ಬಂದು ಮುಂದುವರಿಸ್ತಾರೆ. ನೇಮಕಾತಿಗೆ ಒಂದು ನಾಲ್ಕು ವರ್ಷ ಹಿಡೀಬಹುದು." ನಾಲ್ಕು ವರ್ಷ ಎಂದಾಗ ಅವರದೇ ದನಿ ಕುಗ್ಗಿತು. ಆರನೇ ಅಧ್ಯಾಯ ಬಾವಿಯೊಳಗೆ ಹಗ್ಗ ಇಳಿಯುತ್ತಿರುವಲ್ಲಿ ನಿಂತಿತ್ತು. ಅವರು ಚಾವಣಿಯ ಕಡೆ ನೋಡುತ್ತಾ ಹೇಳಿದರು, "ಹಾಂ, ಏನಾದ್ರೂ ಕಾಣೆಯಾಗಿದ್ರೆ ಆ ಮಾತು ಬೇರೆ."

ಗ್ರಂಥಾಲಯದಲ್ಲಿ ಫಲಕದಲ್ಲಿ ಬರೆದಷ್ಟೇ ನಿಶ್ಶಬ್ದವಾಯಿತು. ಗ್ರಂಥಪಾಲಕರು ಎದ್ದು ಕಪಾಟಿನ ಬಳಿ ಹೋದರು. ಮೂವತ್ತೊಂದನೇ ಸಂಪುಟದ ಎರಡನೇ ಸಂಚಿಕೆಯನ್ನು ಹೊರಗೆಳೆದರು. ಅದರ ಬಗ್ಗೆ ಈವರೆಗೆ ಯಾರೂ ಒಂದು ಮಾತು ಆಡಿರಲಿಲ್ಲ, ತನ್ನ ಪಾಡಿಗೆ ತಾನು ಇದ್ದ ಸಂಚಿಕೆ.

"ಅಕ್ಕ, ಸ್ವಲ್ಪ ಏಳು."

ಅಕ್ಕ ಎದ್ದಳು. ಅವರು ಸಂಚಿಕೆಯನ್ನು ಕುರ್ಚಿಯ ಮೇಲಿಟ್ಟರು.

"ಕೂತ್ಕೋ."

ಅಕ್ಕ ಕೂತಳು. ನಿರ್ದೇಶಕರು, ಉಪ್ಪುನೀರಿನ ವಿಜ್ಞಾನಿ, ಉಳಿದವರು ಎಲ್ಲರೂ ನೋಡುತ್ತಿದ್ದರು. ಪರಿಶೀಲನಾಧಿಕಾರಿಗಳು ಕಪಾಟಿನ ಬಳಿ ನಡೆದು, ಒಂದು, ಮೂರು, ನಾಲ್ಕು ಎಂದು ಬೆರಳಿಟ್ಟು ಎಣಿಸಿದರು.

"ಎರಡು ಎಲ್ಲಿ?"

"ಕಾಣ್ತಿಲ್ಲ ಸಾರ್," ಎಂದರು ಗ್ರಂಥಪಾಲಕರು. ಅದು ಆ ಕಟ್ಟಡದಲ್ಲಿ ಅವರ ಬಾಯಿಂದ ಬಂದ ಮೊದಲ ಸುಳ್ಳು. ಸಲೀಸಾಗಿ ಬಂತು.

ಪರಿಶೀಲನಾಧಿಕಾರಿಗಳು ಬೇಬಾಕಿ ಪತ್ರವನ್ನು ವಾಪಸು ಪಡೆದು, ನಿಯಮದಂತೆ ನಾಲ್ಕು ಚೂರು ಮಾಡಿ, ಚೂರುಗಳಿಗೆ ಸಂಖ್ಯೆ ಹಾಕಿ ಕಡತಕ್ಕೆ ಸೇರಿಸಿದರು. ನಿರ್ದೇಶಕರು ಅಲ್ಲೇ ಕೂತು ಸುತ್ತೋಲೆ ಹೇಳಿ ಬರೆಸಿದರು. ಸದರಿ ಎರಡನೇ ಸಂಚಿಕೆಯನ್ನು ಪ್ರಯೋಗಾಲಯದ ಮೂಲೆಮೂಲೆಯಲ್ಲೂ ಹುಡುಕತಕ್ಕದ್ದು. ಅತಿಥಿ ಸಂಶೋಧಕಿಯವರ ಅಧ್ಯಯನಕ್ಕೆ ಅಡ್ಡಿಯಾಗದಂತೆ ಅವರ ಕುರ್ಚಿಯನ್ನು ಮಾತ್ರ ಹೊರತುಪಡಿಸತಕ್ಕದ್ದು. ಸಿಗದಿದ್ದಲ್ಲಿ ನಿಯಮ ಇಪ್ಪತ್ತಮೂರರಂತೆ ಲೇಖನಗಳನ್ನು ಆಹ್ವಾನಿಸಲಾಗುವುದು. ಕಳೆದ ಸಲ ಜಾಗ ಸಿಗದ ಒಂಬತ್ತು ಜನ ಆಗಲೇ ಶೀರ್ಷಿಕೆ ಬರೆದು ಕೊಟ್ಟರು. ಹುಡುಕಾಟವನ್ನು ಆರನೇ ಅಧ್ಯಾಯ ಮುಗಿದ ಮೇಲೆ ಶುರುಮಾಡುವುದೆಂದು ಒಮ್ಮತದಿಂದ ತೀರ್ಮಾನವಾಯಿತು.

"ಕೂರಕ್ಕೆ ಈಗ ಸರಿಯಾದ ಎತ್ತರ ಆಯ್ತು ನೋಡು," ಎಂದಳು ಅಕ್ಕ. "ಹೂಂ, ಓದು. ಎಲ್ಲರೂ ಕಾಯ್ತಿದಾರೆ."